ಅವಾಯ್ಡ್ ಮಾಡುವುದು ಹೇಗೆ

ವಿಮಲಾ ಅದನ್ನು ಹೇಳಿದ್ದು ಫೋನಿನಲ್ಲೋ, ತರಕಾರಿ ಅಂಗಡಿಯ ಮುಂದೆಯೋ, ಈಗ ಸರಿಯಾಗಿ ನೆನಪಿಲ್ಲ. ಮಾತು ಮಾತ್ರ ಇದೇ: "ನೀವು ನಮ್ಮನೆಯವ್ರನ್ನ ಅವಾಯ್ಡ್ ಮಾಡ್ತಿದೀರಂತೆ?" ನಾನು ದಂಗಾದೆ. ಅವಾಯ್ಡ್ ಮಾಡುತ್ತಿರುವವನು ಅವಳ ಗಂಡ ಸೀನನೇ ಎಂದು ನಾನು ಬಸವನಗುಡಿಗೆಲ್ಲ ಹೇಳಿಕೊಂಡು ಬಂದಾಗಿತ್ತು.

ಸೀನ ನನ್ನ ಹೈಸ್ಕೂಲು ಗೆಳೆಯ. ನಮ್ಮ ಹುಡುಗಾಟದ ದಿನಗಳ ಬಗ್ಗೆ ನಾನೊಂದು ಲೇಖನ ಬರೆದೆ. ಓದಿ, "ಇದ್ರಲ್ಲಿ ಅರ್ಧ ಹೀಗೆ ನಡೆದೇ ಇಲ್ಲ ಕಣೋ" ಎಂದ. "ಹಾಗಾದ್ರೆ ನೀನೇ ಬರಿ" ಎಂದೆ. ಮುನಿಸಿಕೊಂಡವನು ಮರುದಿನ ಸಂಜೆ ನಮ್ಮ ದಿನದ ಕಾಫಿಗೆ ಬರುವುದಿಲ್ಲವೆಂದು ನಾನೇ ತೀರ್ಮಾನಿಸಿ, ಹೋಟೆಲಿಗೆ ಹೋಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಕನ್ನಡದಲ್ಲಿ ಮುಖ ತಪ್ಪಿಸುವವನೆಂದರೆ ಏನೋ ಎಡವಟ್ಟು ಮಾಡಿಕೊಂಡವನು, ನಾಚಿಕೆ ಅವನದೇ. ಅವಾಯ್ಡ್‌ಗೆ ಆ ನಾಚಿಕೆಯಿಲ್ಲ. ಅದು ಇಸ್ತ್ರಿ ಮಾಡಿದ ಶರಟು ತೊಟ್ಟ ಕ್ರಿಯಾಪದ. ಡಾಕ್ಟರು ಸಕ್ಕರೆ ಅವಾಯ್ಡ್ ಮಾಡಿ ಎನ್ನುತ್ತಾರೆ. ಆಟೋದವನು ಸಿಗ್ನಲ್ ಅವಾಯ್ಡ್ ಮಾಡುತ್ತೇನೆಂದು ಸಂದಿಗೆ ನುಗ್ಗುತ್ತಾನೆ. ನಾನೂ ಹಾಗೇ ಘನತೆಯಿಂದ ಗೆಳೆಯನೊಬ್ಬನನ್ನು ಬಿಟ್ಟಿದ್ದೆ. ತೊಂದರೆಯೆಂದರೆ, ಸಕ್ಕರೆ ಬಿಟ್ಟವನಿಗೆ ದಿನವಿಡೀ ಸಕ್ಕರೆಯದೇ ಯೋಚನೆ.

ನಮ್ಮ ಪಾರ್ಕಿನಲ್ಲಿ ವಾಕಿಂಗಿನವರೆಲ್ಲ ದೇವಸ್ಥಾನದ ಅಭ್ಯಾಸದಿಂದಲೋ ಏನೋ ಪ್ರದಕ್ಷಿಣೆಯಾಗಿಯೇ ನಡೆಯುತ್ತಾರೆ. ಸೀನನೂ ಅಲ್ಲಿಗೇ ಬರುವವನು. ಅವನ ಬೆನ್ನು ನೋಡುತ್ತ ನಡೆಯುವುದು ಬೇಡವೆಂದು ನಾನು ಅಪ್ರದಕ್ಷಿಣೆ ಹಿಡಿದೆ. ಒಂದೇ ದಿಕ್ಕಿಗೆ ನಡೆದಿದ್ದರೆ ಇಬ್ಬರೂ ಎದುರಾಗುತ್ತಲೇ ಇರಲಿಲ್ಲ. ಈಗ ಪ್ರತಿ ಸುತ್ತಿಗೂ ಮುಖಾಮುಖಿ! ಮೊದಲ ಸಲ ಅವನು ಮೊಬೈಲ್ ನೋಡಿದ, ನಾನು ಹೊಂಗೆ ಮರವನ್ನು ಗಾಢವಾಗಿ ಅಧ್ಯಯನ ಮಾಡಿದೆ. ಮುಂದಿನ ಸುತ್ತಿನಲ್ಲಿ ಅವನು ಅಡ್ಡ ನಿಂತೇಬಿಟ್ಟ.

"ಏನಯ್ಯಾ, ಊರೆಲ್ಲ ಈ ಕಡೆ ಹೋದ್ರೆ ನೀನೊಬ್ಬ ಆ ಕಡೆ! ನೆಟ್ಟಗೆ ಅವಾಯ್ಡ್ ಮಾಡೋಕೂ ಬರಲ್ವಲ್ಲೋ ನಿಂಗೆ."

"ಶುರು ಮಾಡಿದ್ದು ನೀನು."

"ನಾನಾ? ದಿನಾ ಹೋಟೆಲ್ ಮುಂದೆ ಕಾಯ್ತಾ ನಿಂತಿರ್ತಿದ್ದೆ. ನೀನು ಬಂದ್ಯಾ?"

ನಾನು ಅವನ ದಿಕ್ಕಿಗೆ ತಿರುಗಿದೆ. ಜಗಳವಾಡುತ್ತಲೇ ಜೊತೆಗೆ ಸುತ್ತು ಮುಗಿಸಿ, ಕಾಫಿಗೆ ಹೋದೆವು. ಆ ಸಂಜೆಗಳಲ್ಲಿ ಸೀನ ನಿಜವಾಗಿ ಅಲ್ಲಿ ನಿಂತಿದ್ದನೋ, ಇಲ್ಲ ಆ ನೆನಪನ್ನು ಪಾರ್ಕಿನಲ್ಲಿ ನಿಂತ ನಿಲುವಿನಲ್ಲೇ ಕಟ್ಟಿದನೋ, ನನಗೆ ಗೊತ್ತಿಲ್ಲ.