ತೊಡೆಯ ಮೇಲಿನ ಪಟ್ಟಿ ಗುರುತು

ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ನನ್ನದಲ್ಲ. ಹಾಲಿನವಳು ನೀರು ಬೆರೆಸಿಲ್ಲವೆಂದು ಆಣೆ ಮಾಡಿದರೂ ಬೆರಳಿಗೆ ಹನಿ ಹಚ್ಚಿ ನೋಡುವವಳು ನಾನು. ಹಾಗಿರುವಾಗ ಬಂಗಾರಪೇಟೆಯಲ್ಲಿ ಬಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಪಾದ ಮೇಲಕ್ಕೇಳದಿದ್ದರೆ ಸುಮ್ಮನಿರುತ್ತೇನೆಯೇ? ಬಾವು ಇಳಿದರೆ ಸರಿಹೋಗುತ್ತದೆ ಎಂದು ನರ್ಸ್ ಹೇಳಿ ಕಳಿಸಿದ್ದಳು. ಬಾವು ಇಳಿಯಿತು, ಪಾದ ಜೋತುಬಿದ್ದೇ ಇತ್ತು. ನಾನು ಹೊಲಿಗೆಯವಳು. ಮಿಷನ್ ತುಳಿಯಲು ಪಾದ ಹಿಂದೆ ಮುಂದೆ ಆಡಬೇಕು; ಮೋಟಾರ್ ಹಾಕಿಸಿದರೂ ಪೆಡಲ್ ಒತ್ತಲು ಅದೇ ಪಾದ ಬೇಕು. ಇದು ಏಳದಿದ್ದರೆ ನನ್ನ ಕಸುಬೇ ಮುಗಿಯಿತಲ್ಲ ಎಂದು ಹೆದರಿ ಸತ್ತಿದ್ದೆ.

ಸೀರೆ ಉಡಿಸಲು ಬಂದ ಪಕ್ಕದ ಮನೆಯ ಅಜ್ಜಿ, ನನ್ನ ತೊಡೆಯ ಸುತ್ತ ಕಪ್ಪಗಾಗಿದ್ದ ಪಟ್ಟಿ ಗುರುತು ಕಂಡು ಬೆಚ್ಚಿದಳು. ನಂದಿದುರ್ಗ ಚಿನ್ನದ ಗಣಿಯ ನಮ್ಮ ಲೈನ್ ಮನೆಗಳಲ್ಲಿ ಚೇಳಿಗೆ ಬರವಿಲ್ಲ. ಕುಟುಕಿದ ಕೂಡಲೇ ಆ ಜಾಗದ ಮೇಲ್ಗಡೆ ಬಟ್ಟೆ ಬಿಗಿಯುವುದು ಎಲ್ಲರಿಗೂ ರೂಢಿ.

"ಅಯ್ಯಯ್ಯೋ, ಇದು ಕಟ್ಟಿರೋ ಗುರ್ತು ಕಣಮ್ಮಿ! ಆಪರೇಷನ್ ರೂಮ್ ಒಳಗೆ ನಿಂಗೇನೋ ಕಡ್ದದೆ. ಮುಚ್ಚಾಕವ್ರೆ."

ಸೊಂಟದ ಕೆಳಗೆ ಮರಗಟ್ಟಿಸಿದ್ದರಲ್ಲ, ಕಡಿದರೂ ನನಗೆ ಗೊತ್ತಾಗುವುದು ಹೇಗೆ? ನರ್ಸ್ ಮುಖ ಕೊಟ್ಟು ಮಾತಾಡದಿದ್ದದ್ದು, ಡಾಕ್ಟರು ಅವಸರದಲ್ಲಿ ಹೊರಟದ್ದು, ಎಲ್ಲಕ್ಕೂ ಈಗ ಅರ್ಥ ಸಿಕ್ಕಿತು. "ಆಸ್ಪತ್ರೇಲಿ ಚೇಳು ಎಲ್ಲಿಂದ ಬತ್ತದೆ, ತಲೆ ಕೆಟ್ಟದಾ ನಿಂಗೆ?" ಎಂದು ಗಂಡ ನಕ್ಕ. ಇವನೂ ಅವರ ಜೊತೆ ಸೇರಿದ್ದಾನೆ ಅನ್ನಿಸಿ ಮೈ ಉರಿಯಿತು.

ಮರುದಿನವೇ ಅವನ ಹೆಗಲು ಹಿಡಿದು ಬಂಗಾರಪೇಟೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಡಾಕ್ಟರ ಎದುರು ಕೂತು, "ಒಳಗೆ ನಂಗೇನು ಕಡೀತು? ನಿಜ ಹೇಳಿ," ಎಂದೆ.

ಡಾಕ್ಟರು ನಗಲಿಲ್ಲ. ಅಗಲವಾದ ಒಂದು ಪಟ್ಟಿ ತರಿಸಿ ನನ್ನ ಕೈಗೆ ಕೊಟ್ಟರು. "ರಕ್ತ ನಿಲ್ಲಿಸೋಕೆ ಇದನ್ನ ತೊಡೆಗೆ ಸುತ್ತಿ ಗಾಳಿ ತುಂಬ್ತೀವಮ್ಮ. ಒಮ್ಮೊಮ್ಮೆ ಒಳಗಿನ ನರ ಅದುಮಿದಂತಾಗಿ ಪಾದ ಎತ್ತೋಕಾಗಲ್ಲ. ಸಾಮಾನ್ಯವಾಗಿ ನಿಧಾನಕ್ಕೆ ಸರಿಹೋಗುತ್ತೆ."

"ಸರಿಹೋಗ್ದಿದ್ರೆ?"

"ಅಪರೂಪಕ್ಕೆ ಕೆಲವರಿಗೆ ಪೂರ್ತಿ ಸರಿಹೋಗಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕಿತ್ತು," ಎಂದರು. ಅವರು ಆಡಿದ್ದರಲ್ಲಿ ಅದೊಂದನ್ನು ಮಾತ್ರ ನಂಬಿದೆ.

ಪಾದ ಜೋಲದಂತೆ ಹಿಡಿಯುವ ಆಸರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ದಿನಾ ಸಂಜೆ ಗಂಡ ಹಿಮ್ಮಡಿ ಹಿಡಿದು ಪಾದ ಆಡಿಸುತ್ತಿದ್ದ. ಮಿಷನ್ ಮೇಲೆ ಧೂಳು ಕೂತಿತು. ತಿಂಗಳುಗಳೇ ಕಳೆದ ಮೇಲೆ ಒಂದು ಸಂಜೆ ಹೆಬ್ಬೆರಳು ಅಲುಗಿದಂತಾಯಿತು.

"ನೀನೇ ಅಲ್ಲಾಡಿಸ್ದೆ!" ಎಂದು ರೇಗಿದೆ.

ಅವನು ನನ್ನ ಕಾಲನ್ನು ದಿಂಬಿನ ಮೇಲಿಟ್ಟು, ಬಾಗಿಲವರೆಗೆ ಸರಿದು, ಎರಡೂ ಕೈ ಮೇಲೆತ್ತಿ ನಿಂತ. "ನೋಡ್ಕಳೇ, ನಾ ಇಲ್ಲಿವ್ನಿ."

ಬೆರಳು ಮತ್ತೆ ಎದ್ದಿತು. ನನಗೆ ಅಳು ತಡೆಯಲಾಗಲಿಲ್ಲ.

"ಕೈ ಇಳಿಸ್ಲಾ?" ಎಂದ.

"ಬ್ಯಾಡ," ಎಂದೆ, ಮೂಗು ಒರೆಸಿಕೊಳ್ಳುತ್ತ. "ಹಂಗೇ ನಿಂತಿರು. ಇನ್ನೊಂದ್ಸಲ ನೋಡ್ತೀನಿ."