ಹರವಿಯಲ್ಲಿ ರಾತ್ರಿ ಕಳೆದ ಕಡಲ ಕೊಬ್ಬು

ಮೇ 14, ಬೆಳಿಗ್ಗೆ 5.40, ಆಳಂದ. ಅಕ್ಕನ ಮನೆಯ ಫ್ರೀಜರ್ ತೆರೆದರೆ ನನ್ನ ಮೂರು ಗಾಜಿನ ಶೀಷೆಗಳು ಅಲ್ಲಿರಲಿಲ್ಲ.

ರತ್ನಾಗಿರಿ ಕಡೆಯ ಕಡಲ ಬಸವನಹುಳುಗಳಿಂದ ನಾನು ತೆಗೆದ ಕೊಬ್ಬು ಅವುಗಳಲ್ಲಿತ್ತು. ಅದರ ಅಣುವಿನಲ್ಲಿ ಜೋಡಿ ಬಂಧಗಳು ಸಾಮಾನ್ಯ ಎಣ್ಣೆಗಳಲ್ಲಿರದಂಥ ಜಾಗದಲ್ಲಿವೆ ಎಂಬುದು ನಮ್ಮ ಅನುಮಾನ. ಹೈದರಾಬಾದಿನ ಯಂತ್ರವೊಂದರಲ್ಲಿ ಅದು ಖಚಿತವಾಗಬೇಕಿತ್ತು. ಸೊಲ್ಲಾಪುರದ ಮೇಲಿಂದ ಬಂದು ಒಂದು ರಾತ್ರಿ ಇಲ್ಲಿ ತಂಗಿದ್ದೆ. ನನ್ನ ಸಂಶೋಧನೆಯ ಗೈಡ್ ಮೇಡಂ ವಿಜಯಪುರದಿಂದ ಕಾರಿನಲ್ಲಿ ಬಂದು ಜೇವರ್ಗಿಯಲ್ಲಿ ಶೀಷೆ ಪಡೆದು ಹೈದರಾಬಾದಿಗೆ ಒಯ್ಯುವವರಿದ್ದರು. ಬಿಸಿ ತಾಗಿದರೆ ಆ ಬಂಧಗಳು ಕೆಡುತ್ತವೆ. ಮತ್ತೆ ಹುಳು ಹಿಡಿಯಲು ಮಳೆಗಾಲ ಮುಗಿಯಬೇಕು.

ಅಕ್ಕನ ಅತ್ತೆ ರೊಟ್ಟಿ ಬಡಿಯುತ್ತಿದ್ದರು. “ಹಾಲು-ಬೆಣ್ಣಿ ಇಡೋ ಫ್ರಿಜ್ಜಿನ್ಯಾಗ ಹುಳದ ಕೊಬ್ಬು ಇಡತಾರೇನ್ ಯವ್ವಾ? ಒಗದಿಲ್ಲ ಬಿಡು, ದೂರಿಂದ ತಂದೀದಿ. ರಾತ್ರಿನೇ ಹಿತ್ತಲ ಹರವ್ಯಾಗ ಇಟ್ಟೇನಿ. ಒದ್ದಿ ಅರಬಿ ಸುತ್ತೇನಿ, ತಣ್ಣಗ ಅದಾವ.”

ತಣ್ಣಗಿದ್ದವು, ಹರವಿಯ, ಅಂದರೆ ಮಣ್ಣಿನ ಕೊಡದ ನೀರಿನಷ್ಟು ಮಾತ್ರ. ಶೀಷೆಗಳನ್ನು ಒರೆಸಿ ಡಬ್ಬಿಗೆ ಹಾಕಿದೆ.

ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಅಫಜಲಪುರದ ಬಸ್ಸಿನಲ್ಲಿ ಕುಳಿತೆ. ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿತ್ತು. ಅಫಜಲಪುರದಲ್ಲಿ ಇಳಿದವಳೇ ಮಂಜುಗಡ್ಡೆಗಾಗಿ ಕಬ್ಬಿನ ಹಾಲಿನ ಅಂಗಡಿಗೆ ಓಡಿದೆ.

“ಇಷ್ಟು ಬರ್ಫ ಯಾರ ಮದಿವಿಗ್ರಿ ಅಕ್ಕಾರ?” ಎಂದ ಅಂಗಡಿಯವ.

“ಹುಳದ್ದು,” ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಜೇವರ್ಗಿ ಬಸ್ಸಿನಲ್ಲಿ ಇಜೇರಿಯ ರೈತರೊಬ್ಬರು ಪಕ್ಕದಲ್ಲಿದ್ದರು. ಡಬ್ಬಿಯಲ್ಲಿ ಏನಿದೆಯೆಂದು ಕೇಳಿದರು, ಹೇಳಿದೆ. “ಹುಳಕ್ಕೂ ಕೊಬ್ಬೇನು! ನನ್ನ ಎತ್ತಿಗೇ ಇಲ್ಲಲ್ಲ ಬೇ!” ಹಿಂದಿನ ಸೀಟಿನವರೂ ನಕ್ಕರು. ಭೀಮಾ ಸೇತುವೆಯ ಬಳಿ ಕಬ್ಬಿಣ ಹೇರಿದ ಲಾರಿ ಕೆಟ್ಟು ನಿಂತಿತ್ತು. ಬಸ್ಸೂ ನಿಂತಿತು. ಡಬ್ಬಿಯ ಮೂಲೆಯಿಂದ ನೀರು ಸೋರಿ ನನ್ನ ಮಡಿಲು ತೊಯ್ಯಿತು. ಆ ರೈತರು ತಮ್ಮ ಟವೆಲ್ ಬಿಚ್ಚಿ ಡಬ್ಬಿಗೆ ಬಿಸಿಲು ಬೀಳದಂತೆ ಹಿಡಿದರು.

ಜೇವರ್ಗಿ ನಿಲ್ದಾಣದಲ್ಲಿ ಮೇಡಂಗೆ ಮೊದಲು ಹರವಿಯ ಸಂಗತಿಯನ್ನೇ ಹೇಳಿದೆ. ಅವರು ಬಯ್ಯಲಿಲ್ಲ, ಅದರಿಂದ ಹೆದರಿಕೆ ಹೆಚ್ಚಾಯಿತು. ಗಾಳಿ ತಾಗಿದರೂ ಕೆಡುವ ಕೊಬ್ಬಾದ್ದರಿಂದ ಒಂದು ಶೀಷೆಯ ಆಸೆ ಬಿಟ್ಟು, ಅದನ್ನು ತೆರೆದು ಮೂಸಿದರು.

“ಹಳೇ ಎಣ್ಣಿ ವಾಸನಿ ಇಲ್ಲ. ಆದ್ರ ಮೂಗು ಬಂಧ ಎಣಿಸಂಗಿಲ್ಲ.” ಉಳಿದೆರಡರ ಚೀಟಿಯ ಮೇಲೆ ‘ಒಂದು ರಾತ್ರಿ ಹೊರಗಿತ್ತು’ ಎಂದು ಬರೆದರು. “ಏನ ಬಂದ್ರೂ ಇದನ್ನ ಮುಚ್ಚೂದು ಬ್ಯಾಡ.”

ಕಾರು ಕಲಬುರಗಿ ರಸ್ತೆಗೆ ತಿರುಗುವವರೆಗೂ ನೋಡುತ್ತ ನಿಂತೆ. ಅಕ್ಕನ ಅತ್ತೆಗೆ ನಾನಿನ್ನೂ ಏನೂ ಹೇಳಿಲ್ಲ. ಯಂತ್ರ ವಿಚಿತ್ರ ರಚನೆಯೊಂದನ್ನು ತೋರಿಸಿದರೆ ಅದು ಕಡಲಿನದೋ, ಆ ಹರವಿಯದೋ? ಇಂಥ ಕೊಬ್ಬು ಬೆಚ್ಚಗಾದರೆ ಮೊದಲು ಎಲ್ಲಿ ಕೆಡುತ್ತದೆಂದು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಹೈದರಾಬಾದಿನಿಂದ ಉತ್ತರ ಬರುವ ಮೊದಲೇ ಬರೆಯಿರಿ.