ನೆಟ್ಟಗೆ ಹೇಳಿದ ಹಾಡು

ಟೋಂಗಾದ ನಮ್ಮ ವವಾಉ ದ್ವೀಪದಲ್ಲಿ ಹಾಡು ಕಟ್ಟುವವನನ್ನು ಪುನಾಕೆ ಎನ್ನುತ್ತೇವೆ. ನಮ್ಮೂರಿನ ಪುನಾಕೆ ಫಿಲಿಮೋನೆ. ಗೆಣಸು ಬೆಳೆಯುತ್ತಿದ್ದ, ಹಂದಿ ಸಾಕುತ್ತಿದ್ದ. ಗೆಣಸನ್ನು ಹಂದಿಗಳೇ ತಿಂದು ಮುಗಿಸುತ್ತಿದ್ದವು. ಆದರೆ ಅವನ ಹಾಡಿಲ್ಲದೆ ಊರಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ.

ಪುನಾಕೆ ಯಾವುದನ್ನೂ ನೆಟ್ಟಗೆ ಹೇಳಬಾರದು. ಹೂವು ಎಂದರೆ ಹುಡುಗಿ, ಬಂದರು ಎಂದರೆ ಅವಳ ಮನೆತನ, ಗಾಳಿ ಎಂದರೆ ಊರೊಡೆಯ. ಇದಕ್ಕೆ ಹೆಲಿಯಾಕಿ ಎಂದು ಹೆಸರು. ಒಳಗಿನ ಅರ್ಥ ಬಿಡಿಸುವುದು ಕೇಳುವವರ ಕಸುಬು. ಭಾನುವಾರ ಚರ್ಚಿಗೆ ಮುಂಚೆ ಕಾವಾ ಬೇರಿನ ರಸ ಕುಡಿಯಲು ಸುತ್ತ ಕೂತರೆ ನಮಗೆ ಇದೇ ಕೆಲಸ. ಅವನ ಹಾಡನ್ನು ಹೊಗಳುತ್ತ ನಮ್ಮ ಜಾಣತನವನ್ನೇ ಹೊಗಳಿಕೊಳ್ಳುತ್ತಿದ್ದೆವು.

ಫಿಲಿಮೋನೆಯನ್ನು ಈ ಚಟ ಮನೆಯಲ್ಲೂ ಬಿಡುತ್ತಿರಲಿಲ್ಲ. ಹಸಿವಾದರೆ, "ದೀವಿಹಲಸಿನ ಕೊಂಬೆ ಬಾಗ್ತಿದೆ" ಎನ್ನುತ್ತಿದ್ದ. ಚಾಪೆ ಹೆಣೆಯುತ್ತಿದ್ದ ಹೆಂಡತಿ ಲೆಸಿಯೆಲಿ ತಲೆಯೆತ್ತುತ್ತಲೂ ಇರಲಿಲ್ಲ.

"ಕೊಂಬೆಗೆ ಊಟ ಬೇಕಾದ್ರೆ ಬಾಯ್ಬಿಟ್ಟು ಕೇಳ್ಲಿ. ಒಂದಿನಾನಾದ್ರೂ ನೆಟ್ಟಗೆ ಮಾತಾಡ್ತೀಯಾ, ಮಹರಾಯ?"

ಹೋದ ಚಂಡಮಾರುತದ ಹೊತ್ತಿಗೆ ಅವಳು ಜ್ವರ ಬಂದು ತೀರಿಕೊಂಡಳು. ಊರವರೆಲ್ಲ ಸಾವಿನ ರೂಢಿಯಂತೆ ಕಪ್ಪು ಬಟ್ಟೆ ಉಟ್ಟು, ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು ಅತ್ತೆವು. ಫಿಲಿಮೋನೆಗೆ ಆಮೇಲೆ ಒಂದು ಸಾಲೂ ಹುಟ್ಟಲಿಲ್ಲ. ಅವಳಿಲ್ಲದ ಮನೆಯಲ್ಲಿ ಮಂಕಾಗಿ ಕೂತುಬಿಟ್ಟ. ನಾವು ಮರುಗಿದೆವು. ಕಟ್ಟುತ್ತಿದ್ದ ಹೊಸ ಚರ್ಚಿನ ಚಾವಣಿ ಮುಗಿದರೆ ಕುಣಿಯಲು ಹಾಡಿಲ್ಲವಲ್ಲ ಎಂದು ಇನ್ನೂ ಹೆಚ್ಚು ಮರುಗಿದೆವು.

ಒಂದು ಭಾನುವಾರ ಅವನು ಕಾವಾ ಕೂಟಕ್ಕೆ ಬಂದ. ಹೆಂಡತಿ ಬಯಸಿದಂತೆ ಒಮ್ಮೆ ನೆಟ್ಟಗೆ ಹಾಡಬೇಕು, ಕೇಳಿದವರು ಅವಳನ್ನೇ ನೆನೆಯಬೇಕು, ಅಷ್ಟೇ ಅವನ ಆಸೆ. ಹಾಡಿದ:

"ಲೆಸಿಯೆಲಿ ಸತ್ತುಹೋದಳು.
ಅವಳ ಚಾಪೆ ಅರ್ಧಕ್ಕೆ ನಿಂತಿದೆ.
ನನಗೆ ಹಸಿವಾಗಿದೆ, ಉಣ್ಣಲಾರೆ."

ಊರೊಡೆಯನ ಪರವಾಗಿ ಮಾತಾಡುವ ಹಿರಿಯ ಹೊಲಾನಿ ಕಾವಾದ ಚಿಪ್ಪು ಕೆಳಗಿಟ್ಟು ಚಪ್ಪಾಳೆ ತಟ್ಟಿದ.

"ಭೇಷ್! ಇಷ್ಟು ಆಳಕ್ಕೆ ನೀನು ಯಾವತ್ತೂ ಇಳಿದಿರ್ಲಿಲ್ಲ ಕಣೋ. ಅರ್ಧ ಚಾಪೆ ಅಂದ್ರೆ ಚರ್ಚಿನ ಚಾವಣಿ, ಗೊತ್ತಾಯ್ತು. ಹಸಿವು ಅಂದ್ರೆ ಭಕ್ತಿ. ಆದ್ರೆ ಈ ಲೆಸಿಯೆಲಿ ಅಂದ್ರೆ ಏನು?"

"ನನ್ನ ಹೆಂಡ್ತಿ."

"ಅದು ಮೇಲಿನ ಅರ್ಥ ಬಿಡು, ಮಕ್ಕಳಿಗೂ ತಿಳಿಯುತ್ತೆ. ಒಳಗಿಂದು ಹೇಳು."

"ಒಳಗೂ ಅವಳೇ ಇರೋದು, ಹೊಲಾನಿಯಣ್ಣ."

"ನೋಡಿದ್ರಾ, ಬಾಯೇ ಬಿಡಲ್ಲ ಕಳ್ಳ!" ಎಂದು ಹೊಲಾನಿ ಹಿಗ್ಗಿದ. ಹಳೇ ಚರ್ಚು ಇರಬೇಕು ಎಂದರು ಪಾದ್ರಿ. ಹಿಂದೆ ಮುಳುಗಿಹೋದ ನಮ್ಮೂರ ದೋಣಿ ಎಂದರು ಬೆಸ್ತರು. ವಾದ ಎಷ್ಟು ಏರಿತೆಂದರೆ ಆ ದಿನ ಪ್ರಾರ್ಥನೆಗೆ ಎಲ್ಲರೂ ತಡವಾಗಿ ಹೋದೆವು, ಪಾದ್ರಿಯೂ.

ಚರ್ಚು ತೆರೆದ ದಿನ ಹುಡುಗಿಯರು ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನಗುನಗುತ್ತ ಆ ಹಾಡಿಗೆ ಕುಣಿದರು. "ಲೆಸಿಯೆಲಿ ಸತ್ತುಹೋದಳು" ಎಂದಾಗಲೆಲ್ಲ ಜನ ಕೇಕೆ ಹಾಕಿದರು. ಫಿಲಿಮೋನೆ ಚರ್ಚಿನ ಹಿಂದೆ ಹಂದಿ ಸುಡುವ ಗುಂಡಿಯ ಹತ್ತಿರ ಒಬ್ಬನೇ ಕೂತಿದ್ದ. ನಾನು ಒಂದು ತಟ್ಟೆ ಮಾಂಸ ಒಯ್ದು ಕೊಟ್ಟೆ. ಅವನು ಮುಟ್ಟಲಿಲ್ಲ.

"ಅವಳು ತುಂಬಾ ನೆನಪಾಗ್ತಾಳೆ ಕಣೋ" ಎಂದ. ಕಣ್ಣು ತುಂಬಿತ್ತು.

ನಾನು ಹತ್ತಿರ ಸರಿದು, ಯಾರಿಗೂ ಕೇಳಿಸದಂತೆ, "ನನಗೊಬ್ಬನಿಗೆ ಹೇಳು. ಅವಳು ಅಂದ್ರೆ, ದೋಣಿ ತಾನೇ?" ಎಂದೆ.